‘ಧರ್ಮಶಾಲೆ ಅಲ್ಲ’ ಅಂದ ಮ್ಯಾಲ ಮುಂದೇನು? ನಿರಾಶ್ರಿತರು, ದೇಶದ ಭದ್ರತೆ, ಗಡೀಪಾರು – ತಿಳಿದೋರು ಹೇಳ್ರಿ

ಎಡದಂಡೆ_ಗುಮಾಸ್ತ (ಸಿಂಧನೂರು)

ನಿನ್ನೆ ಸಂಜಿಮುಂದ ಮಿಲ್ಲಿನ ಲೆಕ್ಕ ಮುಗಿಸಿ ಐದು ಮಂದಿ ಬಸ್‌ಸ್ಟ್ಯಾಂಡ್ ಕಡೆ ಒಗ್ಗರಣಿ-ಮಿರ್ಚಿ ತಿನ್ನಾಕ ಹೋಗಿದ್ವಿ. ಮಾತಿಗೆ ಮಾತು ಬಂದು ಒಬ್ಬಾವ ಅಂದ: “ಸುಪ್ರೀಂ ಕೋರ್ಟೇ ಹೇಳೇತಲ್ಲ, ಭಾರತ ಧರ್ಮಶಾಲೆ ಅಲ್ಲ ಅಂತ. ಇನ್ನ ನಿರಾಶ್ರಿತ-ಗಿರಾಶ್ರಿತ ಅನ್ನೂದು ಮುಗೀತು. ಡೌಟ್ ಬಂತೋ, ಗಾಡಿ ಹತ್ತಿಸೂದಷ್ಟ.”

ನಮ್ಮ ಜೋಡಿ ಕುಂತಿದ್ದ ಲೋಡಿಂಗ್ ಲೆಕ್ಕದ ಹುಡುಗ (ಹುಡುಗ ಅಂತ ರೂಢಿ, ನಲವತ್ತು ದಾಟೈತಿ) ಆರ್‌.ಎಚ್‌. ಕ್ಯಾಂಪಿನಾವ (ಅಂದ್ರ ರಿಹ್ಯಾಬಿಲಿಟೇಶನ್, ಪುನರ್ವಸತಿ ಕ್ಯಾಂಪ್). ಅವರಪ್ಪ ಪೂರ್ವ ಪಾಕಿಸ್ತಾನದಿಂದ ಬಂದವರು, ಇವ ಹುಟ್ಟಿದ್ದು ಇಲ್ಲೇ. ಕನ್ನಡದಾಗ ನನಗಿಂತ ಚಲೋ ಬೈತಾನ. ನಿನ್ನೆ ಮಾತ್ರ ಏನೂ ಬೈಲಿಲ್ಲ. ಅರ್ಧಾ ಮಿರ್ಚಿ ಪ್ಲೇಟಿನಾಗ ಬಿಟ್ಟು, ತನ್ನ ಪಾಲಿನ ರೊಕ್ಕ ಟೇಬಲ್ ಮ್ಯಾಲಿಟ್ಟು ಎದ್ದು ಹೋದ. ಹನ್ನೆರಡು ವರ್ಷದಾಗ ಅಂವ ಪ್ಲೇಟಿನಾಗ ಏನರ ಬಿಟ್ಟಿದ್ದು ನಾ ನೋಡಿಲ್ಲ.

(ಬ್ಯಾರೆ ಕಡಿಯವರಿಗೆ: ನಮ್ಮಲ್ಲಿ ಕ್ಯಾಂಪ್ ಅಂದ್ರ ಡೇರೆ ಅಲ್ಲ, ಊರು. ತುಂಗಭದ್ರಾ ಕಾಲುವಿ ಬಂದ ಮ್ಯಾಲ ಆಂಧ್ರದವರು ಕಟ್ಟಿಕೊಂಡಿದ್ದೂ ಕ್ಯಾಂಪೇ, ಸರಕಾರ ಬಂಗಾಳಿ ನಿರಾಶ್ರಿತರನ್ನ ತಂದು ಇಟ್ಟಿದ್ದೂ ಕ್ಯಾಂಪೇ.)

ಕೇಳೂದು ಎರಡು. ಆ ಧರ್ಮಶಾಲೆ ಮಾತು ಕಾನೂನೇನು? ಮತ್ತ, ಒಬ್ಬಾವ ಖರೇನ ನಿರಾಶ್ರಿತ ಇದ್ದು, ಅವನ ಮ್ಯಾಲ ಉಗ್ರರ ನಂಟಿನ ಅನುಮಾನ ಇದ್ರ, ಕೊಲ್ಲೂದು ಖಾತ್ರಿ ಇರೋ ದೇಶಕ್ಕ ಅವನ್ನ ತಿರುಗಿ ಕಳಿಸಬಹುದೇನು?

ಮಾಜಿ_ಹವಾಲ್ದಾರ್ (ಮಸ್ಕಿ)

ಇದರಾಗ ಕೇಳೂದೇನೈತಿ. ಮನಿಗೆ ಬಂದ ಬೀಗರಿಗೆ ಚಾಪಿ ಹಾಸ್ತೀವಿ, ಉಣ್ಣಾಕ ನೀಡ್ತೀವಿ. ಆ ಬೀಗ ರಾತ್ರಿ ಎದ್ದು ಬಣವಿಗೆ ಬೆಂಕಿ ಹಚ್ಚಾಕ ನಿಂತ್ರ ಅವನ ಊರಾಗ ಅವನಿಗೆ ಜಗಳ ಐತೋ ಇಲ್ಲೋ ಅಂತ ವಿಚಾರ ಮಾಡ್ಕೋಂತ ಕುಂದ್ರಬೇಕೇನು? ಕ್ಯಾಂಪಿನವರ ಮಾತು ಬ್ಯಾರೆ, ಅವರನ್ನ ಸರಕಾರನ ಕರಕೊಂಡು ಬಂದೈತಿ, ಅವರ ಬಗ್ಗೆ ನಾ ಒಂದು ಮಾತೂ ಆಡಂಗಿಲ್ಲ. ನಾ ಹೇಳೂದು ಅನುಮಾನ ಇದ್ದವರದ್ದು. ಗಡಿಮ್ಯಾಲ ನಿಂತವರಿಗೆ ಗೊತ್ತು.

ಗಂಗಾವತಿ_ಸೋನಾಮಸೂರಿ

ಹವಾಲ್ದಾರ ಕಾಕಾ, ಬೀಗರೇ ಬಣವಿಗೆ ಬೆಂಕಿ ಹಚ್ಚಿದ್ದು ನಮ್ಮೂರಾಗ ಆಗೇತಿ. ಕೇಸ್ ಇನ್ನೂ ನಡದೈತಿ. 😄

ಕರಿಕೋಟು (ರಾಯಚೂರು)

ಗುಮಾಸ್ತರೇ, ಮೊದಲನೆಯದಕ್ಕೆ ಉತ್ತರ ಸಣ್ಣದು: ಆ ಮಾತು ಕಾನೂನಲ್ಲ. ಆದರೆ ಅಷ್ಟಕ್ಕೇ ಸಮಾಧಾನ ಪಟ್ಟುಕೊಳ್ಳೋ ಹಾಗೂ ಇಲ್ಲ.

ಆ ಕೇಸು ಶ್ರೀಲಂಕಾದ ಒಬ್ಬ ತಮಿಳನದು. 2015ರಲ್ಲಿ ಎಲ್‌ಟಿಟಿಇ ನಂಟಿನ ಆರೋಪದ ಮೇಲೆ ಬಂಧನ, 2018ರಲ್ಲಿ ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಅಡಿ ಹತ್ತು ವರ್ಷ ಶಿಕ್ಷೆ. 2022ರಲ್ಲಿ ಮದ್ರಾಸ್ ಹೈಕೋರ್ಟು ಅದನ್ನು ಏಳು ವರ್ಷಕ್ಕೆ ಇಳಿಸಿ, ಶಿಕ್ಷೆ ಮುಗಿದ ಕೂಡಲೇ ದೇಶ ಬಿಡಬೇಕು ಅಂದಿತು. ಅವನು ಸುಪ್ರೀಂ ಕೋರ್ಟಿಗೆ ಬಂದ: ಹೆಂಡತಿ ಮಕ್ಕಳು ಇಲ್ಲೇ ಇದ್ದಾರೆ, ಅಲ್ಲಿಗೆ ಹೋದರೆ ಜೀವಕ್ಕೆ ಅಪಾಯ. 2025ರ ಮೇ 19ರಂದು ನ್ಯಾಯಮೂರ್ತಿಗಳಾದ ದೀಪಂಕರ್ ದತ್ತಾ ಮತ್ತು ಕೆ. ವಿನೋದ್ ಚಂದ್ರನ್ ಅವರ ಪೀಠ ಅರ್ಜಿ ವಜಾ ಮಾಡಿತು. ನಮ್ಮದೇ 140 ಕೋಟಿ ಜನ ಇದ್ದೇವೆ, ಇದು ಧರ್ಮಶಾಲೆ ಅಲ್ಲ ಅನ್ನೋದು ವಿಚಾರಣೆ ವೇಳೆ ಬಾಯಿಂದ ಬಂದ ಮಾತು. ಬೆಂಚಿನ ಮೇಲಿಂದ ಆಡಿದ ಮಾತು ಪೇಪರಿಗೆ ಹೋಗ್ತದ. ಕೆಳಗಿನ ಕೋರ್ಟನ್ನ ಕಟ್ಟಿಹಾಕೋದು ತೀರ್ಪಿನೊಳಗೆ ಕಾರಣ ಕೊಟ್ಟು ಬರೆದದ್ದು ಮಾತ್ರ.

ಒಂದು ಗಮನಿಸ್ರಿ. ಅವನ ಮೇಲೆ ಇದ್ದದ್ದು ಬರೇ ಅನುಮಾನ ಅಲ್ಲ. ವಿಚಾರಣೆ ಆಗಿತ್ತು, ಶಿಕ್ಷೆ ಆಗಿತ್ತು. ಮಿರ್ಚಿ ಅಂಗಡಿಯ ಗೆಳೆಯರು “ಡೌಟ್ ಬಂದ್ರ” ಅಂತ ಹೇಳಿದ್ದಕ್ಕೂ ಇದಕ್ಕೂ ಅಲ್ಲೇ ಫರಕ್ ಅದ.

ಇನ್ನು ಬರೆದ ಕಾನೂನು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೂ ಸಹಿ ಹಾಕಿಲ್ಲ, 1967ರ ಪ್ರೋಟೊಕಾಲ್‌ಗೂ ಹಾಕಿಲ್ಲ. 1955ರಲ್ಲೇ ಹ್ಯಾನ್ಸ್ ಮುಲ್ಲರ್ ಅನ್ನೋ ಜರ್ಮನಿಯವನ ಕೇಸಿನಲ್ಲಿ ಸುಪ್ರೀಂ ಕೋರ್ಟು, ವಿದೇಶಿಯರನ್ನು ಹೊರಹಾಕುವ ವಿಷಯದಲ್ಲಿ ಸರಕಾರದ ಅಧಿಕಾರಕ್ಕೆ ಲಗಾಮಿಲ್ಲ ಅಂದುಬಿಟ್ಟಿತು. ಎಪ್ಪತ್ತು ವರ್ಷ ಆದರೂ ಸರಕಾರಿ ವಕೀಲರು ಮೊದಲು ಎತ್ತೋದು ಅದನ್ನೇ. 1946ರ ವಿದೇಶಿಯರ ಕಾಯ್ದೆ ಹೋಗಿ 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದದ. ಹಳೆಯದರಲ್ಲೂ ನಿರಾಶ್ರಿತರಿಗೆ ಬೇರೆ ಸಾಲು ಇರಲಿಲ್ಲ. ಪ್ರವಾಸಿ, ವ್ಯಾಪಾರಿ, ಜೀವ ಉಳಿಸಿಕೊಳ್ಳೋಕೆ ಓಡಿ ಬಂದವನು, ಎಲ್ಲರೂ ಒಂದೇ ಪದದೊಳಗೆ: ‘ವಿದೇಶಿ’.

ಇದಕ್ಕೆ ಎದುರು ಇನ್ನೊಂದು ಎಳೆ ಅದ. 1996ರಲ್ಲಿ ಅರುಣಾಚಲದ ಚಕ್ಮಾಗಳ ಕೇಸು, ಇವರೂ ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರು. ಊರು ಬಿಡ್ರಿ, ಇಲ್ಲಾಂದ್ರ ನೋಡ್ಕೋತೀವಿ ಅಂತ ಅಲ್ಲಿಯ ಸಂಘಟನೆಗಳು ಬೆದರಿಕೆ ಹಾಕಿದ್ದವು. ಮಾನವ ಹಕ್ಕು ಆಯೋಗ ಕೋರ್ಟಿಗೆ ಹೋಯಿತು. ಜೀವದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಯಲ್ಲಿ ಬರೆದದ್ದು ‘ವ್ಯಕ್ತಿ’, ‘ನಾಗರಿಕ’ ಅಂತಲ್ಲ. ಆದ್ದರಿಂದ ಆ ಸುಮಾರು 65,000 ಜನರ ಜೀವ ಕಾಯೋದು ರಾಜ್ಯದ ಹೊಣೆ ಅಂತ ಸುಪ್ರೀಂ ಕೋರ್ಟು ಹೇಳಿತು. 1998ರಲ್ಲಿ ಗುಜರಾತ್ ಹೈಕೋರ್ಟು ಇರಾಕಿನ ನಿರಾಶ್ರಿತರ ಕೇಸಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಪಾಯದ ಬಾಯಿಗೆ ವಾಪಸು ತಳ್ಳಬಾರದು ಅನ್ನೋ ತತ್ವ 21ನೇ ವಿಧಿಯೊಳಗೇ ಇದೆ ಅಂದಿತು. ಜೊತೆಗೆ ಒಂದು ಬಾಲ ಹಚ್ಚಿತು: ಅವರ ಇರುವಿಕೆ ದೇಶದ ಭದ್ರತೆಗೆ ಧಕ್ಕೆ ಆಗದಿದ್ದರೆ.

ಆ ಬಾಲದಲ್ಲೇ ನಿಮ್ಮ ಎರಡನೇ ಪ್ರಶ್ನೆ ಇರೋದು. ಸಾಯಂಕಾಲ ಬರೀತೀನಿ, ಈಗ ಕೋರ್ಟು ಕರೀತದ.

ಮಾನ್ವಿ_ಮೇಷ್ಟ್ರು

ರೋಹಿಂಗ್ಯಾ ಕೇಸಿನಲ್ಲಿ ಏನಾಯಿತು ಸರ್? ಅದನ್ನು ಬಿಟ್ಟುಬಿಟ್ಟಿರಿ.

ಕರಿಕೋಟು (ರಾಯಚೂರು)

ಬಿಟ್ಟಿಲ್ಲ ಮೇಷ್ಟ್ರೇ, ಸಾಯಂಕಾಲಕ್ಕೆ ಇಟ್ಟುಕೊಂಡಿದ್ದೆ.

ಮೊಹಮ್ಮದ್ ಸಲೀಮುಲ್ಲಾ ಕೇಸು, 2021ರ ಏಪ್ರಿಲ್ 8ರ ಮಧ್ಯಂತರ ಆದೇಶ. ಜಮ್ಮುವಿನಲ್ಲಿ ಹಿಡಿದಿಟ್ಟ ರೋಹಿಂಗ್ಯಾಗಳನ್ನು ಕಳಿಸಬಾರದು ಅಂತ ಅರ್ಜಿ. ಕೋರ್ಟು ಹೇಳಿದ್ದು: 14 (ಸಮಾನತೆ) ಮತ್ತು 21ನೇ ವಿಧಿ ಎಲ್ಲರಿಗೂ ಇವೆ, ಒಪ್ಪಿದೆವು. ಆದರೆ ಗಡೀಪಾರು ಆಗದೇ ಇರುವ ಹಕ್ಕು 19ನೇ ವಿಧಿಯ ನೆಲೆಸುವ ಹಕ್ಕಿನ ಜೊತೆ ಬರುವಂಥದ್ದು, ಅದು ನಾಗರಿಕರಿಗೆ ಮಾತ್ರ. ಕಳಿಸುವುದಾದರೆ ನಿಯಮದ ಪ್ರಕಾರ ಕಳಿಸಿ. ಅಲ್ಲಿಗೆ ಹೋದ ಮೇಲೆ ಏನಾಗ್ತದ ಅನ್ನೋದಕ್ಕೆ, ಬೇರೆ ದೇಶದ ಆಗುಹೋಗಿನ ಬಗ್ಗೆ ನಾವು ಏನೂ ಹೇಳಲಾರೆವು ಅಂದರು. ನನಗೆ ಕಸಿವಿಸಿ ಆಗೋದು ಇಲ್ಲೇ. ಇವನನ್ನು ಅಲ್ಲಿ ಕೊಲ್ತಾರೋ ಇಲ್ಲವೋ ಅನ್ನೋದೇ ಕೇಸಿನ ಜೀವ. ಅದನ್ನು ನೋಡೋದಿಲ್ಲ ಅಂದರೆ ಉಳಿದದ್ದೇನು, ಬಸ್ ಟಿಕೆಟ್ ಸರಿ ಅದನೋ ಇಲ್ಲವೋ ಅನ್ನೋದಷ್ಟೇ.

ಅದೇ ತಿಂಗಳು ಕಳೆದು ಮೇನಲ್ಲಿ ಮಣಿಪುರ ಹೈಕೋರ್ಟು ಬೇರೆ ದಾರಿ ಹಿಡಿಯಿತು. ಮ್ಯಾನ್ಮಾರಿನಿಂದ ಓಡಿ ಬಂದ ಏಳು ಜನ ದೆಹಲಿಗೆ ಹೋಗಿ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿಯಲ್ಲಿ ರಕ್ಷಣೆ ಕೇಳೋಕೆ ದಾರಿ ಮಾಡಿಕೊಟ್ಟಿತು. ಒಂದೇ ಸಂವಿಧಾನ, ಒಂದು ತಿಂಗಳ ಅಂತರ.

ಈಗ ಹವಾಲ್ದಾರರ ಬಣವಿ. 1951ರ ಒಪ್ಪಂದ ಬರೆದವರಿಗೂ ಈ ಬೀಗ ಗೊತ್ತಿದ್ದ. 33ನೇ ವಿಧಿಯ ಮೊದಲ ಭಾಗ ಅಪಾಯಕ್ಕೆ ವಾಪಸು ತಳ್ಳಬೇಡಿ ಅಂತದ. ಎರಡನೇ ಭಾಗ, ದೇಶದ ಭದ್ರತೆಗೆ ಅಪಾಯ ಅಂತ ನಂಬೋಕೆ ಸಕಾರಣ ಇದ್ದರೆ, ಅಥವಾ ಘೋರ ಅಪರಾಧದಲ್ಲಿ ಅಂತಿಮ ಶಿಕ್ಷೆ ಆಗಿ ಸಮಾಜಕ್ಕೆ ಅಪಾಯ ಆಗಿದ್ದರೆ, ಈ ರಕ್ಷಣೆ ಇಲ್ಲ ಅಂತದ. ಹಾಗಾಗಿ ನಿರಾಶ್ರಿತ ಅನ್ನೋದು ಏನು ಮಾಡಿದರೂ ನಡೀತದ ಅನ್ನೋ ಚೀಟಿ ಅಲ್ಲವೇ ಅಲ್ಲ.

ಆದರೆ ಚಿತ್ರಹಿಂಸೆ ವಿರುದ್ಧದ ನಿಯಮಕ್ಕೆ ಇಂಥ ಎರಡನೇ ಭಾಗ ಇಲ್ಲ. ಯುರೋಪಿನ ಮಾನವ ಹಕ್ಕು ಕೋರ್ಟು ಹಿಡಿದುಕೊಂಡಿದ್ದು ಅದನ್ನ. 1996ರ ಚಾಹಲ್ ಕೇಸು ಕೇಳ್ರಿ, ನಮ್ಮದೇ ದೇಶದ ಕಥೆ. ಕರಮ್‌ಜಿತ್ ಸಿಂಗ್ ಚಾಹಲ್, ಸಿಖ್ ಪ್ರತ್ಯೇಕತಾವಾದಿ, ಬ್ರಿಟನ್ನಿನಲ್ಲಿ ಇದ್ದವನು. ಭದ್ರತೆಗೆ ಅಪಾಯ ಅಂತ 1990ರ ಆಗಸ್ಟಿನಲ್ಲಿ ಹಿಡಿದು ಭಾರತಕ್ಕೆ ಕಳಿಸೋಕೆ ನಿಂತರು. ಏನೂ ಮಾಡೋದಿಲ್ಲ ಅಂತ ನಮ್ಮ ಸರಕಾರ ಭರವಸೆನೂ ಕೊಟ್ಟಿತ್ತು. ಕೋರ್ಟು 12ಕ್ಕೆ 7ರ ಬಹುಮತದಲ್ಲಿ ಹೇಳಿತು: ಅವನು ಏನೇ ಮಾಡಿರಲಿ, ಎಷ್ಟೇ ಅಪಾಯಕಾರಿ ಇರಲಿ, ಚಿತ್ರಹಿಂಸೆಯ ನಿಜವಾದ ಸಂಭವ ಇರೋ ಕಡೆ ಕಳಿಸುವಂತಿಲ್ಲ. ಆರು ವರ್ಷದ ಮೇಲೆ ಹೊರಗೆ ಬಂದ.

ಮಾಜಿ_ಹವಾಲ್ದಾರ್ (ಮಸ್ಕಿ)

ಅಂದ್ರ ನಮ್ಮ ಸರಕಾರದ ಮಾತಿಗೆ ಅಲ್ಲಿ ಕಿಮ್ಮತ್ತಿಲ್ಲ? ನಮ್ಮ ಪೊಲೀಸರು ಹೊಡೀತಾರ ಅಂತ ಬಿಳಿಯರು ತೀರ್ಪು ಬರದ್ರ ನೀವು ಅದನ್ನ ಇಲ್ಲಿ ಓದಿ ಹೇಳೂದು. ಕರಿಕೋಟಿನವರ ಮ್ಯಾಲ ಇದಕ್ಕ ನನಗ ಸಿಟ್ಟು. ಆವಾಗ ಪಂಜಾಬಿನ್ಯಾಗ ಸತ್ತವರು ಎಷ್ಟು ಮಂದಿ, ಅದನ್ನ ಯಾರ ಲೆಕ್ಕ ಹಿಡದ್ರು?

ಕರಿಕೋಟು (ರಾಯಚೂರು)

ಸಿಟ್ಟು ಬರೋದು ಸಹಜ ಕಾಕಾ. ಆದರೆ ಕೋರ್ಟು ದೇಶ ನೋಡಿ ಹೇಳಿದ್ದಲ್ಲ. 2008ರಲ್ಲಿ ಸಾದಿ ಕೇಸಿನಲ್ಲಿ ಇಟಲಿಯಿಂದ ಟ್ಯುನೀಶಿಯಾಕ್ಕೆ ಕಳಿಸೋದನ್ನೂ ಹೀಗೇ ತಡೆದರು. ಅಲ್ಲಿ ಬ್ರಿಟನ್ ಮಧ್ಯ ಬಂದು ನಿಮ್ಮದೇ ವಾದ ಮಾಡಿತು: ಅವನ ಅಪಾಯವನ್ನೂ ನಮ್ಮ ಜನರ ಅಪಾಯವನ್ನೂ ಒಂದೇ ತಕ್ಕಡಿಗೆ ಹಾಕಿ ತೂಗಿ. ಎಲ್ಲ ನ್ಯಾಯಮೂರ್ತಿಗಳೂ ಒಮ್ಮತದಿಂದ ಬೇಡ ಅಂದರು.

ನಿಮ್ಮ ಮಾತಿಗೆ ಹತ್ತಿರ ಬರೋದು ಕೆನಡಾ. 2002ರ ಸುರೇಶ್ ಕೇಸು. ಇವನೂ ಶ್ರೀಲಂಕಾ ತಮಿಳ, 1991ರಲ್ಲೇ ನಿರಾಶ್ರಿತ ಅಂತ ಮಾನ್ಯತೆ ಸಿಕ್ಕಿತ್ತು, ಆಮೇಲೆ ಎಲ್‌ಟಿಟಿಇಗೆ ಹಣ ಎತ್ತಿದ ಆರೋಪ. ಸಾಮಾನ್ಯವಾಗಿ ಚಿತ್ರಹಿಂಸೆಗೆ ಕಳಿಸುವಂತಿಲ್ಲ, ಆದರೆ ತೀರಾ ಅಸಾಧಾರಣ ಸಂದರ್ಭ ಬಂದರೆ ಏನೋ ಅಂತ ಬಾಗಿಲು ಒಂದು ಬೆರಳಷ್ಟು ತೆರೆದಿಟ್ಟರು. ನನಗೆ ಆ ತೀರ್ಪಿನಲ್ಲಿ ಮುಖ್ಯ ಅನಿಸೋದು ಆ ಬಾಗಿಲಲ್ಲ. ಅವನ ವಿರುದ್ಧ ಏನದ ಅನ್ನೋದನ್ನ ಅವನಿಗೆ ತಿಳಿಸಿ, ಬರವಣಿಗೆಯಲ್ಲಿ ಉತ್ತರ ಕೊಡೋಕೆ ಅವಕಾಶ ಕೊಟ್ಟು, ಮಂತ್ರಿ ಕಾರಣ ಬರೆದು ನಿರ್ಧಾರ ಮಾಡಬೇಕು ಅಂದರು. ಅದು ಆಗಿರಲಿಲ್ಲ, ಅದಕ್ಕೇ ಕೇಸು ವಾಪಸು ಹೋಯಿತು. ಅದೇ ದಿನ ಅಹಾನಿ ಅನ್ನೋ ಇರಾನಿನವನ ತೀರ್ಪೂ ಬಂತು. ಅವನಿಗೆ ಹೇಳಿಕೊಳ್ಳೋಕೆ ಅವಕಾಶ ಸಿಕ್ಕಿತ್ತು, ಅವನು ಸೋತ. ಅದೇ ವರ್ಷ ಕಳಿಸಿಬಿಟ್ಟರು.

ನನ್ನ ಅಭಿಪ್ರಾಯ ಕೇಳಿದರೆ, ಭದ್ರತೆ ದೊಡ್ಡದೋ ದಯೆ ದೊಡ್ಡದೋ ಅಂತ ಜಗಳ ಆಡಿ ಉಪಯೋಗ ಇಲ್ಲ. ಯಾರು, ಯಾವ ಕಾಗದ ತೋರಿಸಿ, ಯಾರ ಮುಂದೆ ಹೇಳಬೇಕು ಅನ್ನೋದು ಮೊದಲು ಇತ್ಯರ್ಥ ಆಗಲಿ. ಕಳಿಸೋದೇ ಆದರೆ ಕೇಳಿ ಕಳಿಸ್ರಿ.

ಮಾಜಿ_ಹವಾಲ್ದಾರ್ (ಮಸ್ಕಿ)

ಕೇಳ್ರಿ ಅಂತೀರಿ. ಎಲ್ಲಾ ಬಾಯಿಬಿಟ್ಟು ಹೇಳಾಕ ಆಗತೈತೇನು? ಸುದ್ದಿ ಕೊಟ್ಟಾವ ಅವರ ಓಣ್ಯಾಗಿನ ಹುಡುಗ ಇರ್ತಾನ. ಅವನ ಹೆಸರು ಕಾಗದದಾಗ ಬಂತು ಅಂದ್ರ ನಾಳೆ ಅವನ ಹೆಣ ಕಾಲುವ್ಯಾಗ. ಇದಕ್ಕ ನಿಮ್ಮ ಕೋರ್ಟಿನ್ಯಾಗ ಉತ್ತರ ಐತೇನು?

ಕರಿಕೋಟು (ರಾಯಚೂರು)

ಇದು ಸರಿಯಾದ ಪ್ರಶ್ನೆ. ಪೂರಾ ಉತ್ತರ ಯಾರ ಹತ್ತಿರವೂ ಇಲ್ಲ.

ಚಾಹಲ್ ಕೇಸಿನಲ್ಲಿ ಬೈಸಿಕೊಂಡ ಮೇಲೆ ಬ್ರಿಟನ್ 1997ರಲ್ಲಿ ಇಂಥ ಕೇಸುಗಳಿಗೇ ಬೇರೆ ಆಯೋಗ ಮಾಡಿತು. ಗುಪ್ತ ಫೈಲನ್ನು ಆರೋಪಿಗೆ ತೋರಿಸೋದಿಲ್ಲ, ಅವನ ಪರ ಒಬ್ಬ ವಿಶೇಷ ವಕೀಲನಿಗೆ ತೋರಿಸ್ತಾರೆ. ಆ ವಕೀಲ ಫೈಲು ನೋಡಿದ ಮೇಲೆ ಕಕ್ಷಿದಾರನ ಜೊತೆ ಅದರ ಬಗ್ಗೆ ಮಾತಾಡುವಂತಿಲ್ಲ. ನಾನು ಅಂಥ ವಕಾಲತ್ತು ಹಾಕಿದರೆ ಹೇಗಿರ್ತದ ಅಂತ ಯೋಚಿಸ್ತೀನಿ. “ಆ ದಿನ ನೀ ಎಲ್ಲಿದ್ದೆ” ಅಂತ ಕೇಳಬೇಕು, ಆದರೆ ಯಾವ ದಿನ ಅಂತ ಹೇಳೋ ಹಾಗಿಲ್ಲ. ಕೆನಡಾದಲ್ಲಿ ಇಷ್ಟೂ ಇರಲಿಲ್ಲ. 2007ರಲ್ಲಿ ಚಾರ್ಕಾವಿ ಕೇಸಿನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಗುಪ್ತ ಸಾಕ್ಷ್ಯದ ಆ ಪದ್ಧತಿಯನ್ನ ಹೊಡೆದುಹಾಕಿತು. ಆಮೇಲೆ ಅವರೂ ವಿಶೇಷ ವಕೀಲರನ್ನ ತಂದರು.

ನಮ್ಮಲ್ಲಿ ಮುಚ್ಚಿದ ಲಕೋಟೆ. ಜಡ್ಜ್ ಒಬ್ಬರೇ ಒಡೆದು ಓದೋದು, ಎದುರು ಪಾರ್ಟಿಗೆ ಲಕೋಟೆಯ ಬಣ್ಣ ಮಾತ್ರ ಕಾಣ್ತದ. 2023ರ ಏಪ್ರಿಲ್ 5ರಂದು ಮಾಧ್ಯಮಂ ಕೇಸಿನಲ್ಲಿ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಹಿಮಾ ಕೊಹ್ಲಿ ಇದನ್ನು ಕಟುವಾಗಿಯೇ ಟೀಕಿಸಿದರು. ರಾಷ್ಟ್ರೀಯ ಭದ್ರತೆ ಅಂತ ಗಾಳಿಯಲ್ಲಿ ಹೇಳಿದರೆ ಆಗದು, ಆಧಾರ ಬೇಕು ಅಂದರು. ಆದರೆ ಅದು ಟಿ.ವಿ. ಚಾನಲ್ಲಿನ ಲೈಸೆನ್ಸ್ ಕೇಸು. ಗಡೀಪಾರಿಗೆ ನಿಂತ ವಿದೇಶಿಗೆ ಅದು ಎಷ್ಟು ಒದಗ್ತದೋ, ಇನ್ನೊಂದು ಪೀಠ ಹೇಳಬೇಕು.

ಗಂಗಾವತಿ_ಸೋನಾಮಸೂರಿ

ವಕೀಲ ಸಾಹೇಬ್ರ, ಕಳಿಸಾಕ ಬರಂಗಿಲ್ಲ, ಬಿಡಾಕ ಹೆದರಿಕಿ. ಅಂಥಾವನ್ನ ಏನ್ ಮಾಡ್ತಾರ? ಜೈಲಿನ್ಯಾಗ ಇಟ್ಟು ಜೀವಮಾನ ಅನ್ನ ಹಾಕೂದೇನು?

ಕರಿಕೋಟು (ರಾಯಚೂರು)

ಬ್ರಿಟನ್ ಅದನ್ನೇ ಮಾಡೋಕೆ ನೋಡಿತು. ಅಮೆರಿಕದ ಮೇಲೆ 2001ರ ದಾಳಿ ಆದ ಮೇಲೆ, ಕಳಿಸಲಾಗದ ವಿದೇಶಿ ಶಂಕಿತರನ್ನ ವಿಚಾರಣೆ ಇಲ್ಲದೆ ಬೆಲ್‌ಮಾರ್ಷ್ ಜೈಲಿನಲ್ಲಿ ಇಟ್ಟಿತು. 2004ರ ಡಿಸೆಂಬರಿನಲ್ಲಿ, ಆಗ ಅಲ್ಲಿಯ ಅತಿ ದೊಡ್ಡ ಕೋರ್ಟಾಗಿದ್ದ ಲಾರ್ಡ್‌ಗಳ ಪೀಠ 8–1ರಲ್ಲಿ ತಪ್ಪು ಅಂದಿತು. ಅವರ ತರ್ಕ ಸರಳ: ಅಷ್ಟೇ ಅಪಾಯಕಾರಿ ಬ್ರಿಟಿಷ್ ಪ್ರಜೆ ಹೊರಗೆ ತಿರುಗ್ತಾನೆ, ಇವನು ಮಾತ್ರ ಯಾಕೆ ಒಳಗೆ? ಇನ್ನೊಂದು ದಾರಿ, ಆ ದೇಶದ ಜೊತೆ ಗಟ್ಟಿ ಒಪ್ಪಂದ. ಜೋರ್ಡಾನಿನ ಮೌಲ್ವಿ ಅಬು ಕತಾದಾನ ಕೇಸಿನಲ್ಲಿ 2012ರಲ್ಲಿ ಯುರೋಪಿನ ಕೋರ್ಟು ತಡೆಯಿತು, ಹೊಡೆದು ಬಡಿದು ತೆಗೆಸಿದ ಹೇಳಿಕೆಯನ್ನ ಜೋರ್ಡಾನಿನಲ್ಲಿ ಅವನ ಮೇಲೆ ಸಾಕ್ಷ್ಯ ಮಾಡ್ತಾರೆ ಅಂತ. ಬ್ರಿಟನ್ ಜೋರ್ಡಾನ್ ಜೊತೆ ಒಪ್ಪಂದ ಮಾಡಿಕೊಂಡು, ಆ ಗಂಟು ಬಿಡಿಸಿ, 2013ರ ಜುಲೈನಲ್ಲಿ ಕಳಿಸಿತು. 2014ರಲ್ಲಿ ಅಲ್ಲಿಯ ಕೋರ್ಟೇ ಅವನನ್ನ ಖುಲಾಸೆ ಮಾಡಿತು!

ನಮ್ಮಲ್ಲಿ 2025ರ ಫೆಬ್ರವರಿಯಲ್ಲಿ, ಅಸ್ಸಾಮಿನ ಮಾಟಿಯಾ ಕೇಂದ್ರದಲ್ಲಿ ಕೂಡಿಟ್ಟ 63 ಮಂದಿಯನ್ನ ಯಾಕೆ ಇನ್ನೂ ಕಳಿಸಿಲ್ಲ ಅಂತ ನ್ಯಾಯಮೂರ್ತಿ ಅಭಯ್ ಓಕಾ ಗದರಿಸಿದ್ದು ನೆನಪಿರಬಹುದು. “ಮುಹೂರ್ತ ಕಾಯ್ತಿದ್ದೀರಾ” ಅಂತ ಕೇಳಿದ್ದರು. ವಿದೇಶಿ ಅಂತ ಖಾತ್ರಿ ಆದ ಮೇಲೆ ಸುಮ್ಮನೆ ಕೂಡಿಹಾಕಿ ಇಡುವಂತಿಲ್ಲ ಅನ್ನೋದು ಅವರ ಮಾತಿನ ತಿರುಳು. ಹವಾಲ್ದಾರ್ ಕಾಕಾಗೆ ಇದು ಹಿಡಿಸಬಹುದು.

ಮಾಜಿ_ಹವಾಲ್ದಾರ್ (ಮಸ್ಕಿ)

ಹಿಡಿಸೇತಿ. ಉಳದದ್ದು ಹಿಡಿಸಿಲ್ಲ. ಬಣವಿ ಸುಟ್ಟ ಮ್ಯಾಲ ನೋಟಿಸ್ ಕೊಟ್ರ ಏನ್ ಬಂತು ಅನ್ನೂದು ನನ್ನ ಮಾತು, ಅದು ಹಂಗ ಇರಲಿ.

ಕ್ಯಾಂಪಿನ_ಮೊಮ್ಮಗಳು

ನಾನು ಓದೋದು ರಾಯಚೂರಿನಲ್ಲಿ, ಊರು ಸಿಂಧನೂರು ಆರ್‌.ಎಚ್‌. ಕ್ಯಾಂಪ್. ಎರಡು ದಿನದಿಂದ ಓದ್ತಾ ಇದ್ದೆ, ಬರೀಲೋ ಬ್ಯಾಡೋ ಅಂತ.

ಹವಾಲ್ದಾರ್ ಕಾಕಾ, ಕ್ಯಾಂಪಿನವರ ಮಾತು ಬ್ಯಾರೆ ಅಂದ್ರಿ. ನಿಮ್ಮ ಮನಸ್ಸು ಚಲೋ ಐತಿ. ಆದ್ರ ಬ್ಯಾರೆ ಅಂತ ನೀವು ಗುರುತು ಹಿಡೀತೀರಿ, ಕೌಂಟರ್ ಆಚಿ ಕುಂತವರು ಹಿಡೀಬೇಕಲ್ಲ.

ನಮ್ಮ ಠಾಕುಮಾನ (ಅಪ್ಪನ ತಾಯಿ) ಮಂಚದ ಕೆಳಗ ಒಂದು ತಗಡಿನ ಟ್ರಂಕ್ ಐತಿ. ಒಳಗ ಯೂರಿಯಾ ಚೀಲದ ಪ್ಲಾಸ್ಟಿಕ್‌ನಾಗ ಸುತ್ತಿದ ಕಾಗದ. ಮಳೆಗಾಲ ಮುಗಿದ ಮ್ಯಾಲ ಒಂದು ದಿನ ಅಂಗಳದಾಗ ಚಾಪಿ ಹಾಸಿ ಒಣಗಿಸ್ತಾರ, ಹಪ್ಪಳ ಒಣಗಿಸಿದಂಗ. ಕಾಗಿ ಬರದಂಗ ನಾನು ಕೋಲು ಹಿಡಕೊಂಡು ಕುಂದ್ರಬೇಕು. ಒಂದು ಕಾಗದದಾಗ ನಮ್ಮಜ್ಜನ ಅಡ್ಡಹೆಸರು ‘ಬಿಸ್ವಾಸ್’. ಜಮೀನಿನ ಕಾಗದದಾಗ ಇಲ್ಲಿಯವರು ಕನ್ನಡಕ್ಕ ತಿದ್ದಿ ‘ವಿಶ್ವಾಸ್’ ಮಾಡ್ಯಾರ. ಮೂರನೇದರಾಗ ‘ಬಿಸವಾಸ’, ಬಸವಣ್ಣನ ಕಡಿಯವರಂಗ. ಒಂದು ಕಚೇರಿಯಾಗ ನಮ್ಮಪ್ಪಗ ಕೇಳಿದ್ರು: “ಈ ಮೂರು ಮಂದ್ಯಾಗ ನಿಮ್ಮಪ್ಪ ಯಾರು?” ಅಪ್ಪ ನಕ್ಕು ಬಂದ. ಮನಿಗೆ ಬಂದು ಊಟ ಮಾಡಲಿಲ್ಲ.

2024ರ ಮಾರ್ಚ್‌ನಾಗ ಸಿಎಎ (ಪೌರತ್ವ ತಿದ್ದುಪಡಿ ಕಾಯ್ದೆ) ನಿಯಮ ಬಂದ ಮ್ಯಾಲ ಪೌರತ್ವಕ್ಕ ಅರ್ಜಿ ಹಾಕಿದವರೂ ಅದಾರ, “ಇಷ್ಟು ವರ್ಷ ಓಟ್ ಹಾಕೇನಿ, ಈಗ ನಾ ಹೊರಗಿನಾವ ಅಂತ ನಾನ ಬರದು ಕೊಡ್ಲೇನು” ಅಂತ ಹಾಕದವರೂ ಅದಾರ. ನಮ್ಮ ಮನ್ಯಾಗ ಎರಡೂ ಅದಾವ, ಊಟಕ್ಕ ಕುಂತಾಗ ಆ ಸುದ್ದಿ ತೆಗಿಯಂಗಿಲ್ಲ.

ನನ್ನ ಪ್ರಶ್ನೆ: ಕಾಗದದಾಗ ಅಕ್ಷರ ತಪ್ಪಿದ್ರ ಕೋರ್ಟು ಏನಂತದ?

ಕರಿಕೋಟು (ರಾಯಚೂರು)

ತಂಗಿ, ಅದಕ್ಕೆ ಗಟ್ಟಿ ತೀರ್ಪು ಅದ. 2024ರ ಜುಲೈ 11, ಮೊಹಮ್ಮದ್ ರಹೀಂ ಅಲಿ ಮತ್ತು ಅಸ್ಸಾಂ ಸರಕಾರದ ಕೇಸು. ನ್ಯಾಯಮೂರ್ತಿಗಳು ವಿಕ್ರಮ್ ನಾಥ್ ಮತ್ತು ಅಹ್ಸಾನುದ್ದೀನ್ ಅಮಾನುಲ್ಲಾ.

2012ರಲ್ಲಿ ವಿದೇಶಿಯರ ನ್ಯಾಯಮಂಡಳಿ ರಹೀಂ ಅಲಿಯವರನ್ನ ಏಕಪಕ್ಷೀಯವಾಗಿ ವಿದೇಶಿ ಅಂತ ಘೋಷಿಸಿತ್ತು. ದಾಖಲೆಗಳಲ್ಲಿ ಹೆಸರಿನ ಅಕ್ಷರ, ತಾರೀಖು ಹೊಂದೋದಿಲ್ಲ ಅನ್ನೋ ಕಾರಣವೂ ಆಮೇಲೆ ಸೇರಿತು. ಹಳೆ ಕಾಯ್ದೆಯ 9ನೇ ಕಲಂ ಪ್ರಕಾರ ತಾನು ವಿದೇಶಿ ಅಲ್ಲ ಅಂತ ಸಾಬೀತು ಮಾಡೋ ಹೊಣೆ ಆ ಮನುಷ್ಯನದೇ. ಸುಪ್ರೀಂ ಕೋರ್ಟು ಹೇಳಿತು: ಹೊಣೆ ಅವನದೇ ಇರಲಿ, ಆದರೆ ಅದಕ್ಕೂ ಮೊದಲು ಅಧಿಕಾರಿಗಳ ಕೈಯಲ್ಲಿ ಏನಾದರೂ ಆಧಾರ ಇರಬೇಕು. ದಾರೀಲಿ ಹೋಗೋನನ್ನ ನಿಲ್ಲಿಸಿ ‘ನೀ ವಿದೇಶಿ, ಅಲ್ಲ ಅಂತ ತೋರಿಸು’ ಅನ್ನೋ ಹಾಗಿಲ್ಲ. ಆ ಆಧಾರ ಏನು ಅಂತ ಅವನಿಗೆ ತಿಳಿಸಬೇಕು. ಒಂದು ಲಿಪಿಯಿಂದ ಇನ್ನೊಂದಕ್ಕೆ ಹೋಗುವಾಗ ಹೆಸರಿನಲ್ಲಿ ಆಗೋ ಸಣ್ಣಪುಟ್ಟ ವ್ಯತ್ಯಾಸ ಹಿಡಿದು ಪೌರತ್ವ ಕಿತ್ತುಕೊಳ್ಳುವಂತಿಲ್ಲ. ರಹೀಂ ಅಲಿ ಭಾರತೀಯ.

ತೀರ್ಪು ಬರೋಷ್ಟರಲ್ಲಿ ಅವರು ತೀರಿಕೊಂಡು ಎರಡು ವರ್ಷದ ಮೇಲಾಗಿತ್ತು.

ಮಾಜಿ_ಹವಾಲ್ದಾರ್ (ಮಸ್ಕಿ)

ಇದು ತಪ್ಪಾತು. ಇದನ್ನ ತಪ್ಪು ಅನ್ನಾಕ ನನಗ ಹಿಂಜರಿಕಿ ಇಲ್ಲ. ಯವ್ವಾ, ಟ್ರಂಕಿನ್ಯಾಗಿನ ಕಾಗದ ಸ್ಕ್ಯಾನ್ ಮಾಡಿಸಿ ಇಡು. ಪೆನ್ಶನ್ ಕಾಗದಕ್ಕ ನಾನೂ ‘ಶರಣಪ್ಪ’, ‘ಶರಣಬಸಪ್ಪ’ ಒಬ್ಬನ ಅಂತ ಅಫಿಡವಿಟ್ ಕೊಟ್ಟಾವ.

ಗಂಗಾವತಿ_ಸೋನಾಮಸೂರಿ

ಕಾಕಾ, ಹಂಗಾದ್ರ ಪೆನ್ಶನ್ ಇಬ್ಬರದು ಬರತೈತೇನು?

ಎಡದಂಡೆ_ಗುಮಾಸ್ತ (ಸಿಂಧನೂರು)

ಎಲ್ಲರಿಗೂ ಶರಣು. ಇವತ್ತು ಮಧ್ಯಾಹ್ನ ಮಿಲ್ಲಿನ್ಯಾಗ ಲಾರಿ ಲೋಡ್ ಆಗೂತನ ಇದನ್ನೆಲ್ಲ ನಮ್ಮ ಹುಡುಗಗ ಓದಿ ಹೇಳಿದೆ. ಚೀಲ ಎಣಿಸಿಕೋಂತ ಕೇಳಿದ. ಚಾಹಲ್‌ದಾಗ ಎರಡು ಚೀಲ ಲೆಕ್ಕ ತಪ್ಪಿತು, ಮತ್ತ ಮೊದಲಿಂದ ಎಣಿಸಿದ. ಲಂಡನ್ನು, ಕೆನಡಾ ಯಾವುದಕ್ಕೂ ಏನೂ ಅನಲಿಲ್ಲ. ರಹೀಂ ಅಲಿದು ಬಂದಾಗ ಮಾತ್ರ “ಇನ್ನೊಮ್ಮಿ ಓದು” ಅಂದ. ಓದಿದೆ. “ಅದರ ಪ್ರಿಂಟ್ ತಗಸು, ಎರಡು ಕಾಪಿ” ಅಂದ. ಎರಡು ಯಾಕೋ ಅಂದ್ರ, “ಒಂದು ನಮ್ಮಪ್ಪನ ಕಾಗದದ ಜೋಡಿ ಇಡಾಕ. ಇನ್ನೊಂದು ಮಿರ್ಚಿ ಅಂಗಡ್ಯಾಗಿನಾವಗ.”

ವಕೀಲ ಸಾಹೇಬ್ರ, ಎಲ್ಲಿ ಸಿಗತೈತಿ ಅದು?

ಕರಿಕೋಟು (ರಾಯಚೂರು)

ಸುಪ್ರೀಂ ಕೋರ್ಟಿನ ವೆಬ್‌ಸೈಟಿನಲ್ಲಿ ಸಿಗ್ತದ, ದುಡ್ಡಿಲ್ಲ. ತಾರೀಖು ಹಾಕಿ ಹುಡುಕ್ರಿ. ಟ್ರಂಕಿಗೆ ಇಡೋ ಕಾಪಿ ಮಾತ್ರ ಎರಡೂ ಬದಿ ಪ್ರಿಂಟ್ ಹಾಕಿಸಬ್ಯಾಡ್ರಿ, ಕೆಲವು ಕಚೇರಿಯಲ್ಲಿ ತಗೊಳ್ಳೋದಿಲ್ಲ.